ಮೃಗಶಿರೆಯ ಮಳೆ, ಮಾರ್ಗಶಿರದ ಹುಣ್ಣಿಮೆ

ಪಂಚಾಂಗವು ಮೂಲತಃ ಆಕಾಶವನ್ನು ಕಣ್ಣಾರೆ ಕಂಡವರು ಬರೆದಿಟ್ಟ ಲೆಕ್ಕ. ಪರಸ್ಥಳದಲ್ಲಿ ನೆಲೆಸಿದ ನಮ್ಮ ಮನೆಗಳಿಗೂ ಯುಗಾದಿಯ ಹೊತ್ತಿಗೆ ಅದು ಬರುತ್ತದೆ. ಆದರೆ ಅದನ್ನು ಆಕಾಶದೊಡನೆ ತಾಳೆನೋಡುವ ರೂಢಿ ಬಹುಮಟ್ಟಿಗೆ ಅಳಿದು, ನಕ್ಷತ್ರಗಳು ಕೇವಲ ಹೆಸರುಗಳಾಗಿ ಉಳಿದಿವೆ. ಒಂದು ಹೆಸರನ್ನು ಹಿಡಿದು ಈ ಲೆಕ್ಕವನ್ನು ಪರಿಶೀಲಿಸೋಣ.

ನಮ್ಮ ರೈತರ ಮೃಗಶಿರೆ ಮಳೆ ಜೂನ್ ೮ರ ಸುಮಾರಿಗೆ ಹುಟ್ಟುತ್ತದೆ. ಮಹಾರಾಷ್ಟ್ರದ ರೈತರಿಗೂ ಅದು ಮೃಗವೇ. ಆ ದಿನಗಳ ಸಂಜೆ ಮೃಗಶಿರೆಯನ್ನು ಹುಡುಕಿದರೆ ಕಾಣದು. ಇದಕ್ಕೆ ಮೋಡವೊಂದೇ ಕಾರಣವಲ್ಲ. ಆಗ ಸೂರ್ಯನೇ ಆ ನಕ್ಷತ್ರದಲ್ಲಿರುವುದರಿಂದ ಅದು ಹಗಲಿನ ಬೆಳಕಿನಲ್ಲಿ ಮುಳುಗಿರುತ್ತದೆ. ಮಳೆಯ ನಕ್ಷತ್ರವೆಂದರೆ ಸೂರ್ಯನಿರುವ ನಕ್ಷತ್ರ. ಸೂರ್ಯನು ಒಂದು ವರ್ಷದಲ್ಲಿ ೨೭ ನಕ್ಷತ್ರಗಳನ್ನು ದಾಟುವನಾದ್ದರಿಂದ ಒಂದೊಂದು ಮಳೆಗೆ ೧೩ ಅಥವಾ ೧೪ ದಿನಗಳ ಅವಧಿ.

ಮಾಸದ ಹೆಸರಾದರೋ ಚಂದ್ರನಿಂದ ಬಂದುದು. ಹುಣ್ಣಿಮೆಯಂದು ಚಂದ್ರನು ಯಾವ ನಕ್ಷತ್ರದ ಬಳಿ ಇರುವನೋ ಆ ನಕ್ಷತ್ರವೇ ಮಾಸಕ್ಕೆ ಹೆಸರು ಕೊಡುತ್ತದೆ. ಹುಣ್ಣಿಮೆಯ ಚಂದ್ರನು ಸೂರ್ಯನಿಗೆ ಇದಿರಾಗಿರುತ್ತಾನೆ. ಆದುದರಿಂದ ಜೂನ್ ತಿಂಗಳಲ್ಲಿ ಸೂರ್ಯನ ಮರೆಯಲ್ಲಿದ್ದ ಮೃಗಶಿರೆ, ಆರು ತಿಂಗಳ ತರುವಾಯ ಮಾರ್ಗಶಿರ ಮಾಸದಲ್ಲಿ, ಸೂರ್ಯಾಸ್ತದ ಸುಮಾರಿಗೆ ಪೂರ್ವದಲ್ಲಿ ಮೂಡುತ್ತದೆ. ಡಿಸೆಂಬರಿನ ರಾತ್ರಿ ಎಂಟು ಗಂಟೆಗೆ ಪೂರ್ವಾಭಿಮುಖವಾಗಿ ನಿಂತರೆ, ಒಂದೇ ಸಾಲಿನಲ್ಲಿ ಮೂರು ಚುಕ್ಕೆಗಳು ತಟ್ಟನೆ ಗುರುತಿಗೆ ಸಿಕ್ಕುತ್ತವೆ. ಅವುಗಳ ಎಡಕ್ಕೆ ಒತ್ತಾಗಿರುವ ಮಸುಕು ಚುಕ್ಕೆಗಳ ಸಣ್ಣ ಗುಂಪೇ ಮೃಗಶಿರೆ. ಚಂದ್ರನು ಅದಕ್ಕೂ ಎಡಗಡೆ, ಎಂದರೆ ಉತ್ತರಕ್ಕೆ, ಹಾದುಹೋಗುತ್ತಾನೆ.

ಎಲ್ಲ ವರ್ಷಗಳಲ್ಲಿಯೂ ಹುಣ್ಣಿಮೆ ಕರಾರುವಾಕ್ಕಾಗಿ ಅದೇ ನಕ್ಷತ್ರದಲ್ಲಿ ಬೀಳದು. ಪಕ್ಕದ ರೋಹಿಣಿಯಲ್ಲಿಯೋ ಆರ್ದ್ರೆಯಲ್ಲಿಯೋ ಬೀಳುವುದುಂಟು. ಹನ್ನೆರಡು ಚಾಂದ್ರಮಾಸಗಳಿಗೆ ಸುಮಾರು ೩೫೪ ದಿನ. ಸೌರವರ್ಷಕ್ಕಿಂತ ೧೧ ದಿನ ಕಡಿಮೆ. ಈ ಬಾಕಿ ಬೆಳೆದು ಒಂದು ತಿಂಗಳಾದಾಗ ಅಧಿಕಮಾಸವನ್ನು ಸೇರಿಸಿ ಲೆಕ್ಕವನ್ನು ಸರಿದೂಗಿಸುತ್ತಾರೆ.

ಚಂದ್ರನು ನಡೆಯುವ ಈ ದಾರಿಯ ಆಸುಪಾಸಿನಲ್ಲಿಯೇ ಗ್ರಹಗಳೂ ನಡೆಯುತ್ತವೆ. ಅವುಗಳ ಬೆಳಕು ನಕ್ಷತ್ರಗಳಂತೆ ಮಿನುಗದೆ ಸಾಮಾನ್ಯವಾಗಿ ಸ್ಥಿರವಾಗಿರುತ್ತದೆ. ಶುಕ್ರನು ಸೂರ್ಯನಿಂದ ೪೭ ಅಂಶಗಳಿಗಿಂತ ಹೆಚ್ಚು ದೂರ ಸರಿಯನಾದ್ದರಿಂದ ನಮ್ಮ ಸೀಮೆಯಲ್ಲಿ ನಡುರಾತ್ರಿ ಕಾಣಿಸಿಕೊಳ್ಳುವುದಿಲ್ಲ. ಗುರುವಿಗೆ ಒಂದು ಸುತ್ತಿಗೆ ಸುಮಾರು ೧೨ ವರ್ಷ ಬೇಕು. ನಾಸಿಕದ ಸಿಂಹಸ್ಥ ಮೇಳ ಹನ್ನೆರಡು ವರ್ಷಗಳಿಗೊಮ್ಮೆ ಬರುವುದರ ಮೂಲ ಗುರುವು ಸಿಂಹರಾಶಿಗೆ ಮರಳುವ ಈ ಗತಿಯೇ.

ನಗರದ ದೀಪಗಳು ಅನೇಕ ತಾರೆಗಳನ್ನು ನುಂಗಿರುವುದು ನಿಜ. ಆದರೂ ರೋಹಿಣಿ, ಮಘೆ, ಚಿತ್ತೆ, ಜ್ಯೇಷ್ಠೆಗಳ ಪ್ರಧಾನ ತಾರೆಗಳು ಉಜ್ವಲವಾದವು. ಅವು ಚಂದ್ರಮಾರ್ಗಕ್ಕೆ ಹತ್ತಿರದಲ್ಲಿಯೂ ಇವೆ. ಮೋಡವಿಲ್ಲದ ರಾತ್ರಿ ಮಾಳಿಗೆಯಿಂದ ಇವನ್ನು ಕಾಣಲು ಯಾವ ಯಂತ್ರವೂ ಬೇಡ. ಚೈತ್ರದ ಹುಣ್ಣಿಮೆಯಂದು ಚಿತ್ತೆಯನ್ನೂ, ಜ್ಯೇಷ್ಠದ ಹುಣ್ಣಿಮೆಯಂದು ಕೆಂಪು ಛಾಯೆಯ ಜ್ಯೇಷ್ಠೆಯನ್ನೂ ಮಕ್ಕಳಿಗೆ ತೋರಿಸಬಹುದು. ಊರಿನ ಹೊಲವನ್ನು ಕಾಣದೆ ಬೆಳೆದ ಮಕ್ಕಳಿಗೆ ಮಳೆಯ ಹೆಸರುಗಳ ಅರ್ಥವನ್ನು ತಿಳಿಸಲು ಇದೊಂದು ನೇರವಾದ ದಾರಿ.