ಸಾಟಿನ್ ನಿಲುವಂಗಿಯೂ ಎಡೆದೊರೆಯ ಕಬಾಯಿಯೂ

ಮುಂಭಾಗದಲ್ಲಿ ತೆರೆದಿದ್ದು, ಅಗಲವಾದ ತೋಳುಗಳಿಂದ ಕೂಡಿ, ನಡುವಿಗೆ ಪಟ್ಟಿಯನ್ನು ಕಟ್ಟಿಕೊಳ್ಳುವ ಸಾಟಿನ್ ನಿಲುವಂಗಿಯು ಈಚಿನ ವರ್ಷಗಳಲ್ಲಿ ಮನೆಯುಡುಪಾಗಿ ಬಳಕೆಗೆ ಬಂದಿರುತ್ತದೆ. ಜಪಾನಿನ ಕಿಮೋನೊವನ್ನು ಅನುಸರಿಸಿ ಹೊಲಿದ ಈ ಉಡುಪನ್ನು ರಾಯಚೂರಿನಂತಹ ಊರಿನಲ್ಲಿ ಕಂಡವರು ‘ಇದು ನಮ್ಮ ನಾಡಿಗೆ ಸೇರಿದುದಲ್ಲ’ ಎಂದು ಹೇಳುವುದು ಸಹಜವೇ ಆಗಿದೆ. ಆದರೆ ಇತಿಹಾಸವನ್ನು ಬೋಧಿಸುವ ನಾವು ಅಷ್ಟಕ್ಕೇ ತೃಪ್ತರಾಗಲಾಗದು. ಬಟ್ಟೆ ಎಲ್ಲಿಯದು, ಅಂಗಿಯ ಆಕಾರ ಎಲ್ಲಿಯದು ಎಂಬ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಿದಾಗ ದೊರೆಯುವ ಉತ್ತರಗಳು ಕೃಷ್ಣಾ–ತುಂಗಭದ್ರೆಗಳ ನಡುವಣ ಈ ಎಡೆದೊರೆ ನಾಡಿನ ಚರಿತ್ರೆಗೇ ಬಂದು ಮುಟ್ಟುತ್ತವೆ.

ಸಾಟಿನ್ ಎಂಬುದು ನೂಲಿನ ಹೆಸರಲ್ಲ, ನೇಯ್ಗೆಯ ಹೆಸರು. ಸಾದಾ ನೇಯ್ಗೆಯಲ್ಲಿ ಹಾಸಿನ ಎಳೆಯು ಒಂದು ಹೊಕ್ಕಿನ ಮೇಲೆ, ಮತ್ತೊಂದರ ಕೆಳಗೆ ಹಾಯುತ್ತದೆ. ಸಾಟಿನ್ನಿನಲ್ಲಿ ಅದು ನಾಲ್ಕು ಅಥವಾ ಏಳು ಹೊಕ್ಕುಗಳ ಮೇಲೆ ಹಾಯ್ದು ಒಂದರ ಕೆಳಗೆ ಮಾತ್ರ ನುಸುಳುವುದರಿಂದ ಬಟ್ಟೆಯ ಒಂದು ಮೈ ನುಣುಪಾಗಿ ಹೊಳೆಯುತ್ತದೆ. ಹಿಂದೆ ಇದಕ್ಕೆ ರೇಷ್ಮೆಯೇ ಬೇಕಾಗಿದ್ದಿತು. ಇಂದು ಅಂಗಡಿಗಳಲ್ಲಿ ದೊರೆಯುವುದು ಬಹುಮಟ್ಟಿಗೆ ಪಾಲಿಯೆಸ್ಟರ್. ಚೀನಾದೇಶದ ಚುವಾನ್‌ಜೌ ಬಂದರನ್ನು ಅರಬರು ಝೈತೂನ್ ಎಂದು ಕರೆಯುತ್ತಿದ್ದರು. ಸಾಟಿನ್ ಎಂಬ ಶಬ್ದವು ಆ ಹೆಸರಿನಿಂದಲೇ ಬಂದುದೆಂದು ಸಾಮಾನ್ಯವಾಗಿ ಒಪ್ಪಲಾಗಿದೆ.

ಈ ಝೈತೂನಿ ಬಟ್ಟೆಯು ಕನ್ನಡನಾಡಿಗೆ ಬಹುಕಾಲದ ಹಿಂದೆಯೇ ಬಂದಿದ್ದಿತು. ೧೪೪೩ರಲ್ಲಿ ಶಾರುಖನ ರಾಯಭಾರಿಯಾಗಿ ವಿಜಯನಗರಕ್ಕೆ ಬಂದ ಅಬ್ದುರ್ ರಝಾಕನು ಇಮ್ಮಡಿ ದೇವರಾಯನು ಝೈತೂನಿ ಸಾಟಿನ್ನಿನ ನಿಲುವಂಗಿಯನ್ನು ಧರಿಸಿ ಕುಳಿತಿದ್ದನೆಂದು ಬರೆದಿರುವನು. (ಝೈತೂನ್ ಎಂದರೆ ಆಲಿವ್ ಎಂಬ ಅರ್ಥವೂ ಇರುವುದರಿಂದ ಕೆಲವು ಅನುವಾದಗಳಲ್ಲಿ ಅರಸನ ಅಂಗಿಯು ಹಸುರು ಬಣ್ಣವನ್ನು ತಾಳಿದೆ! ಭಾಷಾಂತರವನ್ನೇ ಮೂಲವೆಂದು ನಂಬುವ ವಿದ್ಯಾರ್ಥಿಗಳು ಇದನ್ನು ಗಮನಿಸತಕ್ಕದ್ದು.)

ಅರಸನು ಉಟ್ಟ ಆ ಉಡುಪಿಗೆ ಪಾರಸಿಯಲ್ಲಿ ‘ಕಬಾ’ ಎಂದು ಹೆಸರು. ನಮ್ಮಲ್ಲಿ ಅದು ಕಬಾಯಿ ಆಯಿತು. ಅದರೊಡನೆ ಬಂದ ‘ಕುಲಾಹ್’ ಎಂಬ ಎತ್ತರದ ಟೋಪಿಯು ಕುಲ್ಲಾಯಿ ಎನಿಸಿತು. ಇಂದು ಕೂಸಿನ ತಲೆಗೆ ತೊಡಿಸುವ ಕುಲಾವಿಯಲ್ಲಿ ಆ ಶಬ್ದ ಉಳಿದಿದೆ. ಲೇಪಾಕ್ಷಿಯ ಹದಿನಾರನೆಯ ಶತಮಾನದ ಚಿತ್ರಗಳಲ್ಲಿ ಎತ್ತರದ ಟೋಪಿಯಿಟ್ಟ ಅಧಿಕಾರಿಗಳನ್ನು ಈಗಲೂ ನೋಡಬಹುದು. ವಿಜಯನಗರದ ಆಸ್ಥಾನದವರು ಸುಲ್ತಾನರ ಆಸ್ಥಾನಗಳ ಈ ವೇಷವನ್ನು ರಾಜಸಭೆಯ ಉಡುಪಾಗಿ ಸ್ವೀಕರಿಸಿದ್ದರೆಂಬುದನ್ನು ಫಿಲಿಪ್ ವ್ಯಾಗೊನರ್ ಅವರು ೧೯೯೬ರ ತಮ್ಮ ಪ್ರಬಂಧದಲ್ಲಿ ವಿಸ್ತಾರವಾಗಿ ನಿರೂಪಿಸಿರುವರು. ಹೀಗಿರಲು, ೧೫೨೦ರಲ್ಲಿ ಕೃಷ್ಣದೇವರಾಯನಿಗೂ ಇಸ್ಮಾಯಿಲ್ ಆದಿಲಶಾಹನಿಗೂ ನಡೆದ ರಾಯಚೂರಿನ ಯುದ್ಧವನ್ನು ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ನಾಗರಿಕತೆಗಳ ಘರ್ಷಣೆಯೆಂದು ತರಗತಿಯಲ್ಲಿ ಹೇಳುವುದು ಎಷ್ಟರಮಟ್ಟಿಗೆ ಸರಿ? ಕೃಷ್ಣೆಯ ದಡದ ದೇವದುರ್ಗದ ಸೀಮೆಗಾಗಿ, ತುಂಗಭದ್ರೆಯ ಕಡೆಯ ಮಾನ್ವಿಯ ಸೀಮೆಗಾಗಿ ಕಾದಾಡಿದ ಎರಡು ರಾಜ್ಯಗಳ ಪ್ರಭುಗಳು ಸಭೆಯಲ್ಲಿ ಒಂದೇ ಬಗೆಯ ಅಂಗಿಯನ್ನು ತೊಡುತ್ತಿದ್ದರು. ಯುದ್ಧವು ನೆಲಕ್ಕಾಗಿ, ಕೋಟೆಗಾಗಿ ನಡೆಯಿತು. ಉಡುಪಿನ ವಿಷಯದಲ್ಲಿ ಗಡಿಯು ಆ ಮೊದಲೇ ಅಳಿದಿದ್ದಿತು.

ಬಟ್ಟೆಯ ಇನ್ನೊಂದು ಕವಲನ್ನೂ ಇಲ್ಲಿ ಹೇಳಬೇಕು. ಅಪ್ಪಟ ರೇಷ್ಮೆಯು ಪುರುಷರ ಮೈಗೆ ತಾಗಬಾರದೆಂಬ ಇಸ್ಲಾಮೀ ನಿಯಮಕ್ಕೆ ನೇಕಾರರು ಕಂಡುಕೊಂಡ ಪರಿಹಾರವೇ ‘ಮಶ್ರು’, ಎಂದರೆ ಧರ್ಮಸಮ್ಮತವಾದುದು. ಹಾಸು ರೇಷ್ಮೆ, ಹೊಕ್ಕು ಹತ್ತಿ. ಸಾಟಿನ್ ನೇಯ್ಗೆಯಾದುದರಿಂದ ರೇಷ್ಮೆಯೆಲ್ಲ ಹೊರಮೈಗೆ ಬಂದು, ಹತ್ತಿಯು ಒಳಗೆ ಚರ್ಮಕ್ಕೆ ತಾಗುತ್ತದೆ. ರಾಯಚೂರು ೧೯೪೮ರವರೆಗೆ ಯಾವ ನಿಜಾಮ ಸಂಸ್ಥಾನಕ್ಕೆ ಸೇರಿದ್ದಿತೋ ಅದೇ ಸಂಸ್ಥಾನದ ಔರಂಗಾಬಾದು ಮಶ್ರು ಮತ್ತು ಹಿಮ್ರೂ ನೇಯ್ಗೆಗಳಿಗೆ ಹೆಸರಾಗಿದ್ದಿತು. ನಮ್ಮ ಬಿಸಿಲಿಗೆ ಪಾಲಿಯೆಸ್ಟರಿಗಿಂತ ಅದೇ ಹೆಚ್ಚು ಹಿತವೆಂದು ನಾವು ಭಾವಿಸುತ್ತೇವೆ.

ಇನ್ನು ಜಪಾನಿನ ಮಾತು. ಕಿಮೋನೊವನ್ನು ಸುಮಾರು ೩೬ ಸೆಂಟಿಮೀಟರ್ ಅಗಲ, ೧೨ ಮೀಟರ್ ಉದ್ದದ ಒಂದೇ ಥಾನಿನಿಂದ ನೇರವಾಗಿ ಕತ್ತರಿಸಿ ಹೊಲಿಯುತ್ತಾರೆ. ಹೊಲಿಗೆ ಬಿಚ್ಚಿ, ತೊಳೆದು, ಮತ್ತೆ ಜೋಡಿಸುವ ಪದ್ಧತಿಯೂ ಉಂಟು. ಹದಿನೇಳನೆಯ ಶತಮಾನದಲ್ಲಿ ನಾಗಸಾಕಿಯ ದೇಶಿಮಾ ದ್ವೀಪದಲ್ಲಿದ್ದ ಡಚ್ಚರು ಏಡೋ ನಗರಕ್ಕೆ ಹೋಗಿ ಷೋಗುನನಿಗೆ ಕಾಣಿಕೆಯೊಪ್ಪಿಸಿದಾಗ ಇಂತಹ ರೇಷ್ಮೆಯಂಗಿಗಳು ಉಡುಗೊರೆಯಾಗಿ ದೊರೆಯುತ್ತಿದ್ದವು. ಹಾಲೆಂಡಿನಲ್ಲಿ ಅವು ವಿದ್ವಾಂಸರ ಮನೆಯುಡುಪಾದವು. ೧೬೬೯ರ ‘ಭೂಗೋಳಶಾಸ್ತ್ರಜ್ಞ’ ಎಂಬ ಚಿತ್ರದಲ್ಲಿ ವರ್ಮೀರನು ಬರೆದಿರುವುದು ಈ ಬಗೆಯ ಅಂಗಿಯನ್ನೇ. ಜಪಾನಿನಿಂದ ಬಂದವು ಸಾಲದಾದಾಗ ಅದೇ ಆಕಾರದ ಅಂಗಿಗಳು ಕೋರಮಂಡಲದ ಚೀಟಿ ಬಟ್ಟೆಯಲ್ಲಿ ಸಿದ್ಧವಾದವು. ಡಚ್ಚರು ಅವನ್ನು ಜಪಾನೀ ಅಂಗಿ ಎಂದರೆ, ಇಂಗ್ಲಿಷರು ಭಾರತದ ಬನಿಯಾ ವರ್ತಕರ ಹೆಸರಿನಿಂದ ಬನಿಯನ್ ಎಂದರು. ಲಂಡನ್ನಿನ ಸ್ಯಾಮ್ಯುಯಲ್ ಪೀಪ್ಸನು ೧೬೬೬ರಲ್ಲಿ ತನ್ನ ಚಿತ್ರ ಬರೆಯಿಸಲು ‘ಭಾರತೀಯ’ ನಿಲುವಂಗಿಯೊಂದನ್ನು ಬಾಡಿಗೆಗೆ ತಂದಿದ್ದನು. ನಾವು ಅಂಗಿಯ ಒಳಗೆ ತೊಡುವ ಬನೀನಿಗೂ ಹೆಸರು ಬಂದುದು ಅದೇ ವರ್ತಕರಿಂದ.

ಕೊನೆಯದಾಗಿ ಒಂದು ಸೂಚನೆ. ಕಿಮೋನೊದಲ್ಲಿ ಎಡಸೆರಗು ಬಲಸೆರಗಿನ ಮೇಲೆ ಬರತಕ್ಕದ್ದು. ತಿರುಗುಮುರುಗಾಗಿ ಸುತ್ತುವುದು ಶವಕ್ಕೆ ಮಾತ್ರ. ಮೊಗಲರ ಕಾಲದ ಜಾಮಾದಲ್ಲಿಯೂ ಹಿಂದೂಗಳು ಎಡಕ್ಕೆ, ಮುಸ್ಲಿಮರು ಬಲಕ್ಕೆ ಕಟ್ಟುವ ರೂಢಿಯಿದ್ದಿತು. ಆದುದರಿಂದ ಹಳೆಯ ಭಿತ್ತಿಚಿತ್ರಗಳನ್ನೂ ಉಬ್ಬುಶಿಲ್ಪಗಳನ್ನೂ ನೋಡಲು ಹೋಗುವ ನಮ್ಮ ವಿದ್ಯಾರ್ಥಿಗಳು ಕಿರೀಟ, ಆಯುಧಗಳೊಡನೆ ಅಂಗಿಯ ಕಟ್ಟು ಯಾವ ಮಗ್ಗುಲಿಗಿದೆ ಎಂಬುದನ್ನೂ ಗುರುತು ಹಾಕಿಕೊಂಡು ಬರಲಿ.