ನಿಷೇಧ ಯಾಕೆ, ನವೀಕರಣ ತಡೆದರೆ ಸಾಕಲ್ಲ?

ಒಂದು ಎನ್‌ಜಿಒ ಬಾಯಿ ಮುಚ್ಚಿಸಲು ಸರ್ಕಾರ ಅದನ್ನು ನಿಷೇಧಿಸಬೇಕಿಲ್ಲ. ಹಣ ಬರುವ ದಾರಿ ತನ್ನ ಕೈಯಲ್ಲಿದ್ದರೆ ಸಾಕು. ಭಾರತದಲ್ಲಿ ಆ ದಾರಿಯ ಕೀಲಿಕೈ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ.

ಶುರುವಾಗಿದ್ದು ಯಾವಾಗ?

1976ರಲ್ಲಿ, ತುರ್ತು ಪರಿಸ್ಥಿತಿಯ ಕಾಲದಲ್ಲಿ. ಆಗಿನ ಮುಖ್ಯ ಗುರಿ ಪಕ್ಷಗಳು, ಜನಪ್ರತಿನಿಧಿಗಳು, ಪತ್ರಿಕೆಗಳಿಗೆ ಬರುವ ವಿದೇಶಿ ಹಣ. 2010ರಲ್ಲಿ ಯುಪಿಎ ಸರ್ಕಾರ ಹೊಸ ಕಾಯ್ದೆ ತಂದು, ಎನ್‌ಜಿಒಗಳು ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು ಎಂದಿತು. ಹಿಡಿತ ಬಿಗಿಯಾಗಿದ್ದು ಇಲ್ಲಿಂದಲೇ. ಅರ್ಜಿ ಗೃಹ ಸಚಿವಾಲಯದ ಮೇಜಿನ ಮೇಲಿದೆ ಅಂದರೆ ಯಾವ ಸಂಸ್ಥೆಯಾದರೂ ಮಾತಾಡುವ ಮುಂಚೆ ಎರಡು ಸಲ ಯೋಚಿಸುತ್ತೆ.

2020ರಲ್ಲಿ ಆಗಿದ್ದೇನು?

ಮೋದಿ ಸರ್ಕಾರದ ತಿದ್ದುಪಡಿ ಕುಣಿಕೆಯನ್ನು ಇನ್ನಷ್ಟು ಬಿಗಿ ಮಾಡಿತು:

- ವಿದೇಶಿ ಹಣ ಮೊದಲು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು.
- ಆಡಳಿತ ವೆಚ್ಚದ ಮಿತಿ ಶೇ. 50ರಿಂದ 20ಕ್ಕೆ ಇಳಿಯಿತು. ಬಾಡಿಗೆ, ಲೆಕ್ಕಪತ್ರ, ವಕೀಲರ ಶುಲ್ಕ ಎಲ್ಲವೂ ಇದರೊಳಗೇ.
- ಒಂದು ಸಂಸ್ಥೆ ತನಗೆ ಬಂದ ಹಣವನ್ನು ಇನ್ನೊಂದಕ್ಕೆ ಕೊಡುವಂತಿಲ್ಲ. ದೊಡ್ಡ ಸಂಸ್ಥೆಗಳ ನೆರವಿನಿಂದ ತಾಲ್ಲೂಕು ಮಟ್ಟದಲ್ಲಿ ಕೆಲಸ ಮಾಡುತ್ತಿದ್ದ ಸಣ್ಣ ಸಂಘಟನೆಗಳಿಗೆ ಬಿದ್ದ ದೊಡ್ಡ ಪೆಟ್ಟು ಇದು.

2022ರಲ್ಲಿ ಸುಪ್ರೀಂ ಕೋರ್ಟ್ ಈ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ವಿದೇಶಿ ದೇಣಿಗೆ ಪಡೆಯುವುದು ಪರಿಪೂರ್ಣ ಹಕ್ಕಲ್ಲ ಎಂದಿತು. ದೆಹಲಿಯ ಸೆಂಟರ್ ಫಾರ್ ಪಾಲಿಸಿ ರಿಸರ್ಚ್‌ನ ನೋಂದಣಿ 2023ರಲ್ಲಿ ಅಮಾನತಾಗಿ, 2024ರ ಜನವರಿಯಲ್ಲಿ ರದ್ದಾಯಿತು.

ಎಫ್‌ಸಿಆರ್‌ಎ ಒಂದೇ ಅಸ್ತ್ರವೂ ಅಲ್ಲ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇದ್ದ ಆಮ್ನೆಸ್ಟಿ ಇಂಡಿಯಾದ ಬ್ಯಾಂಕ್ ಖಾತೆಗಳನ್ನು 2020ರಲ್ಲಿ ಇ.ಡಿ. ಸ್ಥಗಿತಗೊಳಿಸಿತು. ನಿಷೇಧದ ಆದೇಶವೇ ಇಲ್ಲದೆ ಸಂಸ್ಥೆ ಕೆಲಸ ನಿಲ್ಲಿಸಿತು.

ಪಕ್ಷಗಳಿಗೆ ಬೇರೆ ನ್ಯಾಯವೇ?

ಕಾಂಗ್ರೆಸ್, ಬಿಜೆಪಿ ಎರಡೂ ಇದೇ ಕಾನೂನನ್ನು ಉಲ್ಲಂಘಿಸಿವೆ ಎಂದು 2014ರಲ್ಲಿ ದೆಹಲಿ ಹೈಕೋರ್ಟ್ ಹೇಳಿತ್ತು. ಆಮೇಲೆ ಆಗಿದ್ದೇನು? 2016ರ ಹಣಕಾಸು ಕಾಯ್ದೆಯಲ್ಲಿ 'ವಿದೇಶಿ ಮೂಲ'ದ ವ್ಯಾಖ್ಯೆಯನ್ನೇ ಪೂರ್ವಾನ್ವಯವಾಗಿ ಬದಲಿಸಲಾಯಿತು. 2018ರಲ್ಲಿ ಆ ರಿಯಾಯಿತಿಯನ್ನು 1976ರವರೆಗೂ ಹಿಂದಕ್ಕೆ ಒಯ್ಯಲಾಯಿತು.

ಎನ್‌ಜಿಒಗಳು ಲೆಕ್ಕ ಕೊಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನೋಂದಣಿ ರದ್ದಾದರೆ ಮರುಪರಿಶೀಲನೆಗೆ ಹೋಗಬೇಕಿರುವುದು ಅದೇ ಕೇಂದ್ರ ಸರ್ಕಾರದ ಮುಂದೆ. ಇಲ್ಲವಾದರೆ ಹೈಕೋರ್ಟ್. ಕೇಸು ನಡೆಯುವಷ್ಟು ದಿನ ಸಂಬಳ ಕೊಡುವವರು ಯಾರು? ಹಾಗಾಗಿ ನಾವು ಕೇಳಬೇಕಿರುವುದು ಲೆಕ್ಕದಿಂದ ವಿನಾಯಿತಿಯನ್ನಲ್ಲ. ಸರ್ಕಾರದ ಹಿಡಿತದಲ್ಲಿಲ್ಲದ, ಬೇಗ ತೀರ್ಪು ಕೊಡುವ ಒಂದು ಮೇಲ್ಮನವಿ ಪ್ರಾಧಿಕಾರವನ್ನು.