ಗಾಳಿ ನೋಡಿ ಗೆರೆ ಎಳೆಯುವವರು

ಒಂದು ಗ್ಲೋಬ್ ತೆಗೆದುಕೊಂಡು ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ನೂಲೊಂದನ್ನು ಬಿಗಿಯಾಗಿ ಹಿಡಿದು ನೋಡಿ. ಗೋಡೆಯ ಭೂಪಟಕ್ಕೆ ಒಗ್ಗಿದ ಕಣ್ಣು ಅದು ಪೆಸಿಫಿಕ್ ದಾಟೀತೆಂದು ಕಾಯುತ್ತದೆ. ನೂಲು ಮಾತ್ರ ಅಲಾಸ್ಕದ ಮೇಲೇರಿ, ಸೈಬೀರಿಯ ಹಾಯ್ದು, ಟಿಬೆಟ್ಟಿನ ಮೇಲಿಂದ ನಮ್ಮತ್ತ ಇಳಿಯುತ್ತದೆ. ಉದ್ದ ಸುಮಾರು 14,000 ಕಿ.ಮೀ. ಇದಕ್ಕಿಂತ ಹತ್ತಿರದ ದಾರಿ ಇಲ್ಲ.

ಆದರೂ 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಹೊರಟ ಏರ್ ಇಂಡಿಯಾದ ಮೊದಲ ತಡೆರಹಿತ ವಿಮಾನ ಆ ದಾರಿ ಹಿಡಿಯಲಿಲ್ಲ. ಕ್ಯಾಪ್ಟನ್ ಜೋಯಾ ಅಗರ್ವಾಲ್ ಮುಂದಾಳತ್ವದಲ್ಲಿ ಕಾಕ್‌ಪಿಟ್ ತುಂಬ ಮಹಿಳೆಯರೇ ಇದ್ದ ಆ ಬೋಯಿಂಗ್ 777 ಉತ್ತರ ಧ್ರುವದ ಮೇಲೆ ಹಾದು, ಸುಮಾರು 16,000 ಕಿ.ಮೀ. ಹಾರಿ ಬಂತು. ಹತ್ತಿರದ ದಾರಿ ಬಿಟ್ಟು ಎರಡು ಸಾವಿರ ಕಿ.ಮೀ. ಸುತ್ತಿದ್ದೇಕೆ? ಫ್ಲೈಟ್ ಡಿಸ್ಪ್ಯಾಚರ್‌ಗಳ ಕಸುಬು ಇರುವುದೇ ಈ ಪ್ರಶ್ನೆಯೊಳಗೆ.

ನೆಲದ ಮೇಲೆ ಕೂತು ದಾರಿಯ ಯೋಜನೆ ಹೆಣೆಯುವ ಇವರು ಮೊದಲು ನೋಡುವುದು ಗಾಳಿಯನ್ನು, ದೂರ ಆಮೇಲಿನದು. ಹತ್ತು ಹನ್ನೊಂದು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ವೇಗದ ಗಾಳಿ ಹರಿಯುತ್ತದೆ. ಚಳಿಗಾಲದಲ್ಲಿ ಅದಕ್ಕೆ ಹೆಚ್ಚು ಬಲ. ಗಂಟೆಗೆ 900 ಕಿ.ಮೀ. ಹಾರುವ ವಿಮಾನಕ್ಕೆ 150 ಕಿ.ಮೀ. ವೇಗದ ಗಾಳಿ ಎದುರಾದರೆ ನೆಲದ ಲೆಕ್ಕದಲ್ಲಿ ಅದು ಸಾಗುವುದು 750 ಮಾತ್ರ. ಹತ್ತು ಗಂಟೆ ಹಾಗೆ ಹಾರಿದರೆ 1,500 ಕಿ.ಮೀ. ಸೋತಂತೆ. ಅದೇ ಗಾಳಿ ಬೆನ್ನಿಗಿದ್ದರೆ ಅಷ್ಟೇ ಲಾಭ. ಹಾಗಾಗಿ ಬೆಂಗಳೂರಿನಿಂದ ಹೊರಡುವಾಗ ಪೂರ್ವಕ್ಕೆ ತಿರುಗಿ ಪೆಸಿಫಿಕ್ ಮೇಲಿನ ಗಾಳಿಯನ್ನು ಬಳಸಿಕೊಳ್ಳುವುದೂ ಉಂಟು. ಹೋಗುವ ದಾರಿ ಒಂದು, ಬರುವ ದಾರಿ ಇನ್ನೊಂದು.

ಇಂಧನದ ಲೆಕ್ಕ ಇನ್ನೂ ಸೂಕ್ಷ್ಮ. ಹೆಚ್ಚುವರಿ ಇಂಧನ ಹೊತ್ತರೆ ಅದರ ಒಂದು ಪಾಲು ಆ ಭಾರ ಹೊರುವುದಕ್ಕೇ ಉರಿದುಹೋಗುತ್ತದೆ. ಕಡಿಮೆ ಹೊತ್ತರೆ ಪ್ರಯಾಣದ ಸುರಕ್ಷತೆಯೇ ಸಡಿಲವಾಗುತ್ತದೆ. ದಾರಿಯ ಅಪಾಯಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಟಿಬೆಟ್ ಮೇಲೆ ಕ್ಯಾಬಿನ್ ಒತ್ತಡ ಕುಸಿದರೆ ಉಸಿರಾಡಬಲ್ಲ ಎತ್ತರಕ್ಕೆ ತಕ್ಷಣ ಇಳಿಯಲು ಬೆಟ್ಟಗಳು ಬಿಡುವುದಿಲ್ಲ. ಧ್ರುವದ ಬಳಿ ಕಾಂತೀಯ ದಿಕ್ಸೂಚಿ ನಂಬಿಕೆಗೆ ಬಾರದು, ಅಲ್ಲಿ ಭೌಗೋಳಿಕ ಉತ್ತರವೇ ಆಧಾರ. ವಿಮಾನ ಇಂಧನವಾದ ಜೆಟ್ ಎ-1ರ ಘನೀಕರಣ ಬಿಂದು ಮೈನಸ್ 47 ಡಿಗ್ರಿ. ಟ್ಯಾಂಕಿನ ಉಷ್ಣಾಂಶ ಅದರತ್ತ ಜಾರತೊಡಗಿದರೆ ಪೈಲಟ್‌ಗಳು ಕೆಳಗಿನ ಬೆಚ್ಚನೆಯ ಪದರಕ್ಕೆ ಇಳಿಯುತ್ತಾರೆ, ಇಲ್ಲವೇ ವೇಗ ಹೆಚ್ಚಿಸುತ್ತಾರೆ. ಇಷ್ಟೆಲ್ಲದರ ನಡುವೆ, ಎಂಜಿನ್ ಒಂದು ನಿಂತರೆ ತಲುಪಬಹುದಾದ ನಿಲ್ದಾಣಗಳನ್ನೂ ಮೊದಲೇ ಗುರುತಿಸಿಡಬೇಕು. ಇದೆಲ್ಲವನ್ನೂ ತೂಗಿ ಒಂದು ಗೆರೆ ಎಳೆಯುವ ಇವರ ತಾಳ್ಮೆಯ ಬಗ್ಗೆ ನನಗೆ ಅಪಾರ ಗೌರವ.

ಪ್ರಯಾಣಿಕರಿಗೆ ಕಾಣುವುದು ಗಡಿಯಾರವಷ್ಟೇ. ಅಂದು ಶನಿವಾರ ರಾತ್ರಿ ಹತ್ತಿದವರು ಹದಿನೇಳು ಗಂಟೆ ಚಿಲ್ಲರೆ ಹಾರಿ ಕೆಂಪೇಗೌಡ ನಿಲ್ದಾಣದಲ್ಲಿ ಇಳಿದಾಗ ಸೋಮವಾರ ನಸುಕು. ಎರಡು ಊರುಗಳ ನಡುವೆ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಅಂತರ, ಅಮೆರಿಕದವರು ಬೇಸಿಗೆಗೆ ಗಡಿಯಾರ ಮುಂದಿಟ್ಟಾಗ ಹನ್ನೆರಡೂವರೆ. ಗಾಳಿ ಮಾತ್ರ ದಿನಕ್ಕೊಂದು ಬಗೆ. ಆದ್ದರಿಂದ ಪ್ರತಿ ಹಾರಾಟಕ್ಕೂ ಗೆರೆಯನ್ನು ಹೊಸದಾಗಿಯೇ ಎಳೆಯುತ್ತಾರೆ.